ಹಳೆಯ ಸೋಲಾರ್ ಪ್ಯಾನೆಲ್: ಇದ್ದಲ್ಲೇ ದುಡಿಸಬೇಕೆ, ಬೇರೆಡೆ ಹಾಕಬೇಕೆ, ಮರುಸಂಸ್ಕರಣೆಗೆ ಕೊಡಬೇಕೆ?

ಸೋಲಾರ್ ಪ್ಯಾನೆಲಿಗೆ 25 ವರ್ಷದ ವಾರಂಟಿ ಎಂದರೆ 26ನೇ ವರ್ಷಕ್ಕೆ ಅದು ಕಸ ಎಂದು ಅರ್ಥವಲ್ಲ. ಸ್ಫಟಿಕ ಸಿಲಿಕಾನಿನ ಪ್ಯಾನೆಲು ವರ್ಷಕ್ಕೆ ಹೆಚ್ಚುಕಡಿಮೆ ಶೇ. 0.5ರಂತೆ ಶಕ್ತಿ ಕಳೆದುಕೊಳ್ಳುತ್ತದೆ. ಆ ಲೆಕ್ಕದಲ್ಲಿ 250 ವಾಟಿನದು 25 ವರ್ಷ ದುಡಿದ ಮೇಲೂ 220 ವಾಟಿನ ಆಸುಪಾಸಿನಲ್ಲಿರುತ್ತದೆ. ಹಾಗಿದ್ದೂ ಎಷ್ಟೋ ಪ್ಯಾನೆಲುಗಳು ಹತ್ತು ಹದಿನೈದು ವರ್ಷಕ್ಕೇ ಕೆಳಗಿಳಿಯುತ್ತವೆ. ಆಲಿಕಲ್ಲು, ಬಿರುಗಾಳಿ, ಹಿಂಬದಿಯ ಹಾಳೆಯ ಬಿರುಕು, ಚಾವಣಿಯ ರಿಪೇರಿ ಒಂದು ಕಡೆ. ಅದೇ ಜಾಗದಲ್ಲಿ ಹೊಸದು ಹಾಕಿದರೆ ಹೆಚ್ಚು ಕರೆಂಟು ಬರುತ್ತದೆ ಎಂಬ ಲೆಕ್ಕಾಚಾರ ಇನ್ನೊಂದು ಕಡೆ.

ಇಳಿಸಿದ್ದನ್ನು ಏನು ಮಾಡುವುದು ಎಂದು ಜನ ಯೋಚಿಸತೊಡಗುವುದು ಸಾಮಾನ್ಯವಾಗಿ ಪ್ಯಾನೆಲು ನೆಲದ ಮೇಲೆ ಬಂದು ಬಿದ್ದಮೇಲೆ. ಅಷ್ಟು ಹೊತ್ತಿಗೆ ತೀರ್ಮಾನ ಆಗಿಯೇ ಹೋಗಿರುತ್ತದೆ. ಕೇಬಲನ್ನು ಬುಡದಲ್ಲಿ ಕತ್ತರಿಸಿದರೆ ಅದನ್ನು ಬೇರೆಡೆ ಹಾಕುವ ದಾರಿ ಬಹುಮಟ್ಟಿಗೆ ಮುಚ್ಚಿತು. ಗಾಜು ಒಡೆದರೆ ಪೂರ್ತಿ ಮುಚ್ಚಿತು. ಫ್ರೇಮ್ ಕಿತ್ತರೆ ಒಳ್ಳೆಯ ಮರುಸಂಸ್ಕರಣಾ ಘಟಕವೂ ತೆಗೆದುಕೊಳ್ಳಲು ಹಿಂಜರಿಯುತ್ತದೆ. ಆದ್ದರಿಂದ ಆಯ್ಕೆಗಳನ್ನು ತೂಗಿ ನೋಡುವ ಕೆಲಸ ಪ್ಯಾನೆಲು ಇನ್ನೂ ಚಾವಣಿಯ ಮೇಲಿರುವಾಗಲೇ ಮುಗಿದಿರಬೇಕು.

ಪದಗಳ ವಿಷಯದಲ್ಲೂ ಒಂದು ಎಚ್ಚರಿಕೆ ಬೇಕು. ನಾವು ‘ಮರುಬಳಕೆ’ ಎಂಬ ಒಂದೇ ಮಾತನ್ನು ಎರಡಕ್ಕೂ ಆಡುತ್ತೇವೆ: ಪ್ಯಾನೆಲನ್ನು ಪ್ಯಾನೆಲಾಗಿಯೇ ಇನ್ನೊಂದು ಕಡೆ ಕೂರಿಸುವುದಕ್ಕೂ, ಪುಡಿ ಮಾಡಿ ಗಾಜು-ಲೋಹ ತೆಗೆಯುವುದಕ್ಕೂ. ಇಲ್ಲಿ ಮೊದಲನೆಯದನ್ನು ಮರುಬಳಕೆ ಎಂದೂ ಎರಡನೆಯದನ್ನು ಮರುಸಂಸ್ಕರಣೆ ಎಂದೂ ಕರೆದಿದ್ದೇವೆ. ಹಳೆಯ ಪ್ಯಾನೆಲು ಸಾಗಿಸುವವರ ಜೊತೆ ಮಾಡಿಕೊಳ್ಳುವ ಕರಾರಿನಲ್ಲೂ ಇವೆರಡನ್ನು ಬೇರೆ ಬೇರೆಯಾಗಿಯೇ ಬರೆಸಿ. ‘ಮರುಬಳಕೆಗೆ’ ಎಂದು ಸಹಿ ಹಾಕಿಸಿಕೊಂಡು ಹೋದ ಲಾರಿ ನೇರವಾಗಿ ಗುಜರಿಗೆ ಹೋದರೆ ಆಮೇಲೆ ಕೇಳುವುದಕ್ಕೆ ಆಧಾರವೇ ಇರುವುದಿಲ್ಲ.

ಮೊದಲು ಅಳತೆ, ಆಮೇಲೆ ಆಯ್ಕೆ

ಕಣ್ಣಿನಿಂದ ಶುರು ಮಾಡಿ, ಅದರಲ್ಲೂ ಬೆನ್ನಿನ ಕಡೆಯಿಂದ. ಪ್ಯಾನೆಲಿನ ಆರೋಗ್ಯ ತಿಳಿಯುವುದು ಹಿಂಬದಿಯ ಬಿಳಿ ಹಾಳೆಯಲ್ಲಿ, ಅಂದರೆ ಬ್ಯಾಕ್‌ಶೀಟಿನಲ್ಲಿ. ಹೆಬ್ಬೆರಳಿನಿಂದ ಒತ್ತಿ ಉಜ್ಜಿ ನೋಡಿ. ಬೆರಳಿಗೆ ಸೀಮೆಸುಣ್ಣದಂಥ ಬಿಳಿ ಪುಡಿ ಹತ್ತಿದರೆ ಹಾಳೆಯ ಹೊರಪದರ ಬಿಸಿಲಿಗೆ ಸವೆಯುತ್ತಿದೆ. ಸೆಲ್ಲುಗಳ ನಡುವಿನ ಸಂದಿನಲ್ಲೋ ಲೋಹದ ಪಟ್ಟಿ ಹಾದುಹೋಗುವ ಗೆರೆಯಲ್ಲೋ ಉದ್ದಕ್ಕೂ ಸೀಳು ಕಂಡರೆ ವಿಷಯ ಗಂಭೀರ: ಅಲ್ಲಿಂದ ತೇವ ಒಳಗಿಳಿಯುತ್ತದೆ. ಮುಂಬದಿಯಲ್ಲಿ ನೋಡಬೇಕಾದದ್ದು ಕಂದು ಬಣ್ಣಕ್ಕೆ ತಿರುಗಿದ ಅಂಟುಪದರ, ಹಾಲಿನ ಬಣ್ಣದ ಗುಳ್ಳೆಗಳು, ಸುಟ್ಟ ಕಲೆ. ಬಸವನಹುಳು ಹರಿದಂತೆ ಕಾಣುವ ತೆಳು ಗೆರೆಗಳಿದ್ದರೆ ಸೆಲ್ಲಿನಲ್ಲಿ ಸೂಕ್ಷ್ಮ ಬಿರುಕಿದೆ ಎಂದು ತಿಳಿಯಿರಿ. ಆ ಗೆರೆಗಳಿಂದಲೇ ಪ್ಯಾನೆಲು ಕೆಟ್ಟಿದೆ ಎನ್ನಲಾಗದು, ಅಳೆದೇ ಹೇಳಬೇಕು.

ಅಳತೆಗೆ ಡಿಸಿ ಕ್ಲಾಂಪ್ ಮೀಟರು, ಬಿಸಿಲಿನ ತೀವ್ರತೆ ಅಳೆಯುವ ಮೀಟರು, ಸೆಲ್ಲಿನ ಶಾಖ ನೋಡಲು ಥರ್ಮಾಮೀಟರು ಬೇಕು. ಪ್ಯಾನೆಲಿನ ಲೇಬಲಿನಲ್ಲಿ ಬರೆದಿರುವುದು ಪ್ರತಿ ಚದರ ಮೀಟರಿಗೆ 1000 ವಾಟ್ ಬಿಸಿಲು ಮತ್ತು 25 ಡಿಗ್ರಿ ಸೆಲ್ಲಿನ ಶಾಖದಲ್ಲಿ ಬರುವ ಅಂಕಿ. ಚಾವಣಿಯ ಮೇಲೆ ಆ ಎರಡೂ ಒಟ್ಟಿಗೆ ಸಿಗುವುದು ಅಪರೂಪ, ಹಾಗಾಗಿ ಲೆಕ್ಕ ಹೊಂದಿಸಿಕೊಳ್ಳಬೇಕು. 60 ಸೆಲ್ಲಿನ ಒಂದು ಪ್ಯಾನೆಲಿನ ಮೇಲೆ ತೆರೆದ ವೋಲ್ಟೇಜು (ಏನನ್ನೂ ಜೋಡಿಸದಿದ್ದಾಗ ಬರುವ ವೋಲ್ಟೇಜು) 38, ಶಾರ್ಟ್ ಕರೆಂಟು (ಎರಡು ತಂತಿಗಳನ್ನು ನೇರ ಕೂಡಿಸಿದಾಗ ಹರಿಯುವ ಕರೆಂಟು) 9 ಆಂಪಿಯರ್ ಎಂದಿದೆ ಎನ್ನಿ. ಕರೆಂಟು ಬಿಸಿಲಿಗೆ ತಕ್ಕಂತೆ ಏರಿಳಿಯುತ್ತದೆ. 800 ವಾಟ್ ಬಿಸಿಲಿಗೆ 7.2 ಆಂಪಿಯರ್ ಬಂದರೆ ಸರಿಯಾಗಿದೆ. ವೋಲ್ಟೇಜು ಶಾಖಕ್ಕೆ ಕುಗ್ಗುತ್ತದೆ, ಒಂದು ಡಿಗ್ರಿಗೆ ಸುಮಾರು ಶೇ. 0.3ರಷ್ಟು. ಸೆಲ್ಲು 60 ಡಿಗ್ರಿಗೆ ಕಾದಿದ್ದರೆ 38ರ ಬದಲು 34 ವೋಲ್ಟ್ ಬರುವುದು ಸಹಜ. ಇದು ಗೊತ್ತಿಲ್ಲದೆ ಮಟಮಟ ಮಧ್ಯಾಹ್ನ ಅಳೆದು, ಚೆನ್ನಾಗಿರುವ ಪ್ಯಾನೆಲುಗಳನ್ನು ಕೆಟ್ಟವುಗಳ ರಾಶಿಗೆ ಎಸೆಯುವುದು ತುಂಬ ನಡೆಯುತ್ತದೆ.

ಅದೇ ಪ್ಯಾನೆಲು 34ರ ಬದಲು 22–23 ವೋಲ್ಟ್ ಕೊಟ್ಟರೆ ಮೂರನೇ ಒಂದು ಪಾಲು ಕೈಬಿಟ್ಟಿದೆ ಎಂದು ತಕ್ಷಣ ಹೇಳಬಹುದು. 60 ಸೆಲ್ಲುಗಳನ್ನು ಇಪ್ಪತ್ತಿಪ್ಪತ್ತರಂತೆ ಮೂರು ಭಾಗ ಮಾಡಿ, ಒಂದೊಂದಕ್ಕೂ ಒಂದು ಬೈಪಾಸ್ ಡಯೋಡು (ಆ ಭಾಗ ಸೋತಾಗ ಕರೆಂಟನ್ನು ಪಕ್ಕದಿಂದ ದಾಟಿಸುವ ಬಿಡಿಭಾಗ) ಹಾಕಿರುತ್ತಾರೆ. ಒಂದು ಡಯೋಡು ಶಾರ್ಟ್ ಆಗಿದೆ, ಇಲ್ಲವೇ ಒಂದು ಭಾಗದ ಬೆಸುಗೆ ಬಿಟ್ಟಿದೆ. ಪ್ಯಾನೆಲಿಗೆ ದಪ್ಪ ಟಾರ್ಪಾಲು ಹೊದಿಸಿ, ಬೆನ್ನಿನಲ್ಲಿ ತಂತಿಗಳು ಹೊರಡುವ ಜಂಕ್ಷನ್ ಬಾಕ್ಸಿನ ಮುಚ್ಚಳ ತೆಗೆದು ನೋಡಿ. ಕಂದಿದ ಟರ್ಮಿನಲ್ಲು, ಉಬ್ಬಿದ ಡಯೋಡು, ಕರಗಿದ ಪ್ಲಾಸ್ಟಿಕ್ ಕಣ್ಣಿಗೇ ಬೀಳುತ್ತವೆ. ಡಯೋಡು ಬದಲಿಸುವುದು ಅರ್ಧ ಗಂಟೆಯ ಕೆಲಸ. ಆದರೆ ಬಾಕ್ಸಿನ ಒಳಗೆ ಅಂಟು ತುಂಬಿ ಗಟ್ಟಿ ಮಾಡಿದ್ದರೆ ರಿಪೇರಿಯ ಆಸೆ ಬಿಡಿ.

ಕೊನೆಯದು, ಯಾರೂ ಬಿಡಬಾರದ್ದು: ಇನ್ಸುಲೇಶನ್ ಪರೀಕ್ಷೆ, ಅಂದರೆ ಒಳಗಿನ ಕರೆಂಟು ಫ್ರೇಮಿಗೆ ಸೋರುತ್ತದೆಯೇ ಎಂದು ನೋಡುವುದು. ಪ್ಲಸ್ ಮತ್ತು ಮೈನಸ್ ತಂತಿಗಳನ್ನು ಒಟ್ಟು ಜೋಡಿಸಿ, ಮೆಗ್ಗರಿನ (ಇನ್ಸುಲೇಶನ್ ಅಳೆಯುವ ಮೀಟರಿನ) ಒಂದು ತುದಿಯನ್ನು ಅದಕ್ಕೂ ಇನ್ನೊಂದನ್ನು ಫ್ರೇಮಿನ ಬರಿ ಲೋಹಕ್ಕೂ ಕೊಡಬೇಕು. ಅಂತರರಾಷ್ಟ್ರೀಯ ಮಾನದಂಡ ಕೇಳುವುದು ಚದರ ಮೀಟರಿನ ಲೆಕ್ಕದಲ್ಲಿ 40 ಮೆಗಾಓಮ್. ಅಂದರೆ 1.6 ಚದರ ಮೀಟರಿನ ಪ್ಯಾನೆಲಿಗೆ ಕನಿಷ್ಠ 25 ಮೆಗಾಓಮ್. ಒಣಗಿದ್ದಾಗ ಒಮ್ಮೆ, ಬೆನ್ನಿಗೆ ನೀರು ಚಿಮುಕಿಸಿ ಇನ್ನೊಮ್ಮೆ ನೋಡಿ. ಒದ್ದೆಯಾದಾಗ ಕುಸಿದರೆ ಆ ಪ್ಯಾನೆಲು ಎಷ್ಟೇ ವಾಟ್ ಕೊಡಲಿ, ಮನುಷ್ಯರು ಓಡಾಡುವ ಜಾಗದಲ್ಲಿ ಅದನ್ನು ಮತ್ತೆ ಹಾಕಬಾರದು.

ಇದ್ದಲ್ಲೇ ದುಡಿಸುವುದು

ಗಾಜು ಗಟ್ಟಿಯಿದ್ದು, ಇನ್ಸುಲೇಶನ್ ಸರಿಯಿದ್ದು, ಜಾಗಕ್ಕೆ ಬೇರೆ ತುರ್ತು ಇಲ್ಲದಿದ್ದರೆ ಇದಕ್ಕಿಂತ ಒಳ್ಳೆಯ ಆಯ್ಕೆ ಇನ್ನೊಂದಿಲ್ಲ. ಸಾಗಣೆ ಇಲ್ಲ, ಒಡೆಯುವ ಅಪಾಯ ಇಲ್ಲ, ತಯಾರಿಕೆಗೆ ಸುರಿದ ಶಕ್ತಿಗೆ ಇನ್ನಷ್ಟು ಪ್ರತಿಫಲ.

ಇಡೀ ಸಾಲಿನ ಉತ್ಪಾದನೆ ಬಿದ್ದಿದೆ ಎಂದು ಎಲ್ಲವನ್ನೂ ಕೀಳಿಸುವ ಮೊದಲು ಒಂದೊಂದನ್ನೂ ಬೇರೆಯಾಗಿ ಅಳೆಯಿರಿ. ಸರಣಿಯಲ್ಲಿ ಕಟ್ಟಿದ ಸಾಲಿನಲ್ಲಿ ಕರೆಂಟು ಎಲ್ಲಕ್ಕೂ ಒಂದೇ, ದುರ್ಬಲವಾದದ್ದು ಉಳಿದವುಗಳನ್ನೂ ಹಿಂದಕ್ಕೆ ಎಳೆಯುತ್ತದೆ. ಕರೆಂಟು ಹತ್ತಿರ ಹತ್ತಿರ ಇರುವವನ್ನು ಒಂದೇ ಸಾಲಿಗೆ ತಂದು ತೀರ ಸೋತ ಎರಡು ಮೂರನ್ನು ಹೊರಗಿಟ್ಟರೆ ಎಷ್ಟೋ ಸಲ ಸಾಲು ಚೇತರಿಸಿಕೊಳ್ಳುತ್ತದೆ. ಸಾಲಿನ ಮೈನಸ್ ತುದಿಯ ಪ್ಯಾನೆಲುಗಳು ಮಾತ್ರ ಹೆಚ್ಚು ಸೊರಗಿದ್ದರೆ, ಫ್ರೇಮಿಗೂ ಸೆಲ್ಲಿಗೂ ನಡುವಿನ ವೋಲ್ಟೇಜಿನಿಂದ ಆಗುವ ಕುಸಿತ ಇರಬಹುದು. ರಾತ್ರಿಹೊತ್ತು ತಿರುವುಮುರುವು ವೋಲ್ಟೇಜು ಕೊಡುವ ಪೆಟ್ಟಿಗೆ ಅಳವಡಿಸಿದರೆ ಹೀಗೆ ಕಳೆದುಹೋದ ಶಕ್ತಿ ಬಹುಪಾಲು ವಾಪಸು ಬರುತ್ತದೆ. ಇಂಥವನ್ನೂ ‘ಆಯಸ್ಸು ಮುಗಿದವು’ ಎಂದು ಕಳಿಸಿಬಿಡುತ್ತಾರೆ, ಅದು ಶುದ್ಧ ನಷ್ಟ.

ಉಳಿಸಿಕೊಳ್ಳಬಾರದ ಗುರುತೂ ಒಂದಿದೆ. ಇಬ್ಬನಿ ಬಿದ್ದ ಬೆಳಿಗ್ಗೆ ಇನ್ವರ್ಟರ್ ನೆಲಸೋರಿಕೆಯ ದೋಷ ತೋರಿಸಿ ನಿಲ್ಲುತ್ತದೆ, ಬಿಸಿಲೇರಿ ಪ್ಯಾನೆಲು ಒಣಗಿದ ಮೇಲೆ ತಾನಾಗಿ ಶುರುವಾಗುತ್ತದೆ. ಇದು ಇನ್ವರ್ಟರಿನ ಚೇಷ್ಟೆ ಎಂದು ಅದನ್ನು ಬದಲಿಸಿದವರೂ ಇದ್ದಾರೆ. ಹೆಚ್ಚಿನ ಸಲ ಕಾರಣ ಸೀಳಿದ ಬ್ಯಾಕ್‌ಶೀಟು, ಇಲ್ಲವೇ ನೀರು ಹೊಕ್ಕ ಕನೆಕ್ಟರು. ಕನೆಕ್ಟರ್ ಆಗಿದ್ದರೆ ಬದಲಿಸಿ ಮುಂದುವರಿಯಿರಿ. ಹಾಳೆಯೇ ಸೀಳಿದ್ದರೆ ಸಿಲಿಕೋನ್ ಲೇಪನದಿಂದ ಒಂದಷ್ಟು ಕಾಲ ತಳ್ಳಬಹುದು, ಅದೂ ಬಿರುಕು ಮೇಲುಮೇಲಿನದಾಗಿದ್ದರೆ ಮಾತ್ರ.

ಬೇರೆಡೆ ಎರಡನೇ ಬಾಳು

ಅಳತೆಯಲ್ಲಿ ಮೂಲ ಸಾಮರ್ಥ್ಯದ ಶೇ. 80ಕ್ಕಿಂತ ಹೆಚ್ಚು ಉಳಿದಿದ್ದು ಇನ್ಸುಲೇಶನ್ ಪಾಸಾದವನ್ನು ಬೇರೆಡೆ ಹಾಕಲು ಯೋಚಿಸಬಹುದು. ಈ ಶೇ. 80 ನಮ್ಮ ಅನುಭವದ ಗೆರೆಯೇ ಹೊರತು ಕಾನೂನಲ್ಲ.

ಜಾಗ ಧಾರಾಳವಾಗಿರುವ ಕಡೆ ಮಾತ್ರ ಇದು ಲಾಭ. 250 ವಾಟಿನ ಹಳೆಯ ಪ್ಯಾನೆಲು 1.65 ಚದರ ಮೀಟರ್ ಹಿಡಿಯುತ್ತದೆ, ಅಂದರೆ ಹೊಸದಿದ್ದಾಗಲೇ ಚದರ ಮೀಟರಿಗೆ 150 ವಾಟ್. ಈಗಿನವು ಅಷ್ಟೇ ಜಾಗದಲ್ಲಿ 210ರಿಂದ 220 ಕೊಡುತ್ತವೆ. ಸ್ಟ್ಯಾಂಡು, ಕೇಬಲು, ಕೂಲಿ ಎರಡಕ್ಕೂ ಒಂದೇ. ಪ್ಯಾನೆಲು ಪುಕ್ಕಟೆ ಸಿಕ್ಕಿತೆಂದು ಇಕ್ಕಟ್ಟಾದ ಚಾವಣಿಗೆ ಹಳೆಯದನ್ನು ಏರಿಸಿದರೆ ಲೆಕ್ಕ ತಲೆಕೆಳಗಾಗುತ್ತದೆ. ತೋಟದ ಪಂಪು, ಕೊಟ್ಟಿಗೆ, ಗೋದಾಮಿನ ದೀಪ, ನೆಲದ ಮೇಲೆ ಕೂರಿಸುವ ಸಣ್ಣ ಘಟಕ – ಇಂಥ ಕಡೆ ಚೆನ್ನಾಗಿ ದುಡಿಯುತ್ತವೆ.

ಬ್ಯಾಟರಿಗೆ ಜೋಡಿಸುವವರು ಎಡವುವ ಜಾಗ ಒಂದಿದೆ. ಹಳೆಯ 60 ಸೆಲ್ಲಿನ ಪ್ಯಾನೆಲು ದುಡಿಯುವುದು ಸುಮಾರು 30 ವೋಲ್ಟಿನಲ್ಲಿ. ಅದನ್ನು ಅಗ್ಗದ ಪಿಡಬ್ಲ್ಯುಎಂ ಬಗೆಯ ಚಾರ್ಜ್ ಕಂಟ್ರೋಲರಿನ ಮೂಲಕ 12 ವೋಲ್ಟಿನ ಬ್ಯಾಟರಿಗೆ ಕೊಟ್ಟರೆ ಪ್ಯಾನೆಲನ್ನು ಬ್ಯಾಟರಿಯ 13 ವೋಲ್ಟಿಗೇ ಕಟ್ಟಿಹಾಕಿದಂತೆ. 8.5 ಆಂಪಿಯರ್ ಬಂದರೂ ಸಿಗುವುದು 110 ವಾಟ್ ಮಾತ್ರ, ಅರ್ಧಕ್ಕಿಂತ ಹೆಚ್ಚು ಪೋಲು. ಪ್ಯಾನೆಲನ್ನು ಅದರದೇ ವೋಲ್ಟೇಜಿನಲ್ಲಿ ದುಡಿಸಿ ಬ್ಯಾಟರಿಗೆ ತಕ್ಕಂತೆ ಇಳಿಸಿಕೊಡುವ ಎಂಪಿಪಿಟಿ ಕಂಟ್ರೋಲರ್ ಇರಲೇಬೇಕು. ‘ಹಳೇ ಪ್ಯಾನೆಲು, ಶಕ್ತಿ ಇಲ್ಲ’ ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಈ ತಪ್ಪು ಜೋಡಣೆ.

ಕೊಡುವವರ ಹೊಣೆಯ ಬಗ್ಗೆ ಬಿಚ್ಚಿ ಹೇಳಬೇಕು. ಅಳೆಯದ ಪ್ಯಾನೆಲುಗಳನ್ನು ಶಾಲೆಗೋ ಆಶ್ರಮಕ್ಕೋ ದಾನ ಕೊಡುವುದು ದಾನವಲ್ಲ; ನಮ್ಮ ಕಸದ ಖರ್ಚನ್ನು ಕೈಲಾಗದವರ ತಲೆಗೆ ಕಟ್ಟುವುದು. ಪ್ರತಿಯೊಂದರ ಕ್ರಮಸಂಖ್ಯೆ, ಅಳೆದ ವೋಲ್ಟೇಜು ಮತ್ತು ಕರೆಂಟು, ಇನ್ಸುಲೇಶನ್ ಅಂಕಿ, ಅಳೆದ ದಿನ – ಇಷ್ಟನ್ನು ಬೆನ್ನಿಗೆ ಅಂಟಿಸಿ ಕೊಡಿ. ಗಡಿ ದಾಟಿಸುವ ಯೋಚನೆ ಇದ್ದರಂತೂ ಈ ಕಾಗದವಿಲ್ಲದೆ ಆಗದು. ದೇಶದಿಂದ ದೇಶಕ್ಕೆ ತ್ಯಾಜ್ಯ ಸಾಗಿಸುವುದನ್ನು ನಿಯಂತ್ರಿಸುವ ಬಾಸೆಲ್ ಒಪ್ಪಂದದ ತಿದ್ದುಪಡಿ 2025ರ ಜನವರಿ 1ರಿಂದ ಜಾರಿಗೆ ಬಂದಿದೆ. ಇ-ತ್ಯಾಜ್ಯ ಅಪಾಯಕಾರಿಯಾಗಿರಲಿ, ಇಲ್ಲದಿರಲಿ, ತೆಗೆದುಕೊಳ್ಳುವ ದೇಶದ ಮುಂಗಡ ಒಪ್ಪಿಗೆ ಬೇಕು. ಪರೀಕ್ಷೆಯ ದಾಖಲೆಯಿಲ್ಲದ ಹಳೆಯ ಪ್ಯಾನೆಲು ‘ಬಳಸಿದ ವಸ್ತು’ವೋ ‘ತ್ಯಾಜ್ಯ’ವೋ ಎಂಬ ಪ್ರಶ್ನೆ ಬಂದರೆ ಉತ್ತರ ನಿಮ್ಮ ಪರವಾಗಿ ಬರುವುದು ಕಷ್ಟ.

ಮರುಸಂಸ್ಕರಣೆ: ಶೇಕಡಾವಾರು ನಂಬುವ ಮೊದಲು

20 ಕೆ.ಜಿ. ತೂಗುವ ಸ್ಫಟಿಕ ಸಿಲಿಕಾನ್ ಪ್ಯಾನೆಲನ್ನು ಪೂರ್ತಿ ಬಿಡಿಸಿದರೆ ಹೆಚ್ಚುಕಡಿಮೆ ಹೀಗಿರುತ್ತದೆ: ಗಾಜು 15 ಕೆ.ಜಿ., ಅಂಟುಪದರ ಮತ್ತು ಬ್ಯಾಕ್‌ಶೀಟಿನ ಪ್ಲಾಸ್ಟಿಕ್ 2 ಕೆ.ಜಿ., ಅಲ್ಯೂಮಿನಿಯಂ ಒಂದೂವರೆ ಕೆ.ಜಿ.ಗಿಂತ ತುಸು ಹೆಚ್ಚು, ಸಿಲಿಕಾನ್ 1 ಕೆ.ಜಿ., ತಾಮ್ರ 200 ಗ್ರಾಂ, ಬೆಳ್ಳಿ 20 ಗ್ರಾಮಿಗಿಂತ ಕಡಿಮೆ. ಬೆಸುಗೆಯಲ್ಲಿ ತವರ ಮತ್ತು ಸೀಸ.

ಈಗ ‘ನಾವು ಶೇ. 95 ವಾಪಸು ಪಡೆಯುತ್ತೇವೆ’ ಎಂಬ ಮಾತನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಗಾಜು ಮತ್ತು ಫ್ರೇಮ್ ಎರಡೇ ಸೇರಿ ತೂಕದ ಶೇ. 84 ಆಗಿಬಿಡುತ್ತದೆ. ಫ್ರೇಮ್ ಕಿತ್ತು ಗಾಜನ್ನು ಪುಡಿಮಾಡಿ ರಸ್ತೆಗೆ ಸುರಿದವರೂ ದೊಡ್ಡ ಅಂಕಿ ಹೇಳಬಹುದು. ಐರೋಪ್ಯ ಒಕ್ಕೂಟ 2012ರ ಇ-ತ್ಯಾಜ್ಯ ನಿರ್ದೇಶನದಲ್ಲಿ ಪ್ಯಾನೆಲುಗಳನ್ನು ಸೇರಿಸಿ, ತೂಕದ ಶೇ. 85ರಷ್ಟು ವಾಪಸು, ಶೇ. 80ರಷ್ಟು ಮರುಬಳಕೆಗೋ ಮರುಸಂಸ್ಕರಣೆಗೋ ಸಿದ್ಧ ಎಂಬ ಗುರಿ ಇಟ್ಟಿತು. ದೊಡ್ಡ ಹೆಜ್ಜೆಯೇ ಸರಿ. ಆದರೆ ತೂಕದ ಗುರಿ ಮುಟ್ಟಲು ಬೆಳ್ಳಿಯನ್ನು ಮುಟ್ಟಬೇಕಾದ ಅಗತ್ಯವೇ ಬೀಳುವುದಿಲ್ಲ. ತೂಕದಲ್ಲಿ ಲೆಕ್ಕಕ್ಕಿಲ್ಲದ ಆ ಬೆಳ್ಳಿಯಲ್ಲೇ ಪ್ಯಾನೆಲಿನ ಲೋಹಗಳ ಬೆಲೆಯ ದೊಡ್ಡ ಪಾಲಿದೆ. ಮಣ್ಣಿಗೆ ಹೋಗಬಾರದ ಸೀಸವೂ ತೂಕದ ಲೆಕ್ಕದಲ್ಲಿ ಕಾಣದಷ್ಟು ಸಣ್ಣದು.

ಕಷ್ಟ ಇರುವುದು ಅಂಟಿನಲ್ಲಿ. 3.2 ಮಿ.ಮೀ. ಗಾಜಿಗೆ, ಕೂದಲಿನಷ್ಟೋ ಅದರ ಎರಡರಷ್ಟೋ ದಪ್ಪದ ಸೆಲ್ಲನ್ನು ಇವಿಎ ಎಂಬ ಅಂಟುಪದರದಿಂದ ಎರಡೂ ಕಡೆ ಬೆಸೆದಿರುತ್ತಾರೆ. ಮಳೆ ಬಿಸಿಲಿಗೆ ದಶಕಗಟ್ಟಲೆ ಬಿಡದಿರಲಿ ಎಂದೇ ಮಾಡಿದ ಅಂಟು ಅದು, ಬಿಡಿಸುವಾಗಲೂ ಸುಲಭಕ್ಕೆ ಬಿಡುವುದಿಲ್ಲ. ಘಟಕಗಳ ನಡುವಿನ ವ್ಯತ್ಯಾಸವೆಲ್ಲ ಈ ಅಂಟನ್ನು ಹೇಗೆ ಬಿಡಿಸುತ್ತಾರೆ ಎಂಬುದರಲ್ಲಿದೆ.

ಯಾಂತ್ರಿಕ ವಿಧಾನದಲ್ಲಿ ಫ್ರೇಮು, ಜಂಕ್ಷನ್ ಬಾಕ್ಸು ತೆಗೆದು ಉಳಿದದ್ದನ್ನು ಪುಡಿ ಮಾಡಿ, ಜರಡಿ ಹಿಡಿದು, ಗಾಳಿ, ಸುಳಿವಿದ್ಯುತ್ತು, ಸ್ಥಿರವಿದ್ಯುತ್ತಿನಿಂದ ಬೇರ್ಪಡಿಸುತ್ತಾರೆ. ಒಡೆದ ಪ್ಯಾನೆಲೂ ನಡೆಯುತ್ತದೆ, ಖರ್ಚು ಕಡಿಮೆ, ದಿನಕ್ಕೆ ಹೆಚ್ಚು ಸಾಗುತ್ತದೆ. ಫ್ರಾನ್ಸಿನ ರೂಸೆಯಲ್ಲಿ ತ್ಯಾಜ್ಯ ನಿರ್ವಹಣೆಯ ಕಂಪನಿ ವಿಯೋಲಿಯಾ 2018ರಲ್ಲಿ ತೆರೆದ ಘಟಕ ಈ ದಾರಿಯಲ್ಲಿ ಮೊದಮೊದಲಿನದು. ಕೊರತೆ ಎಂದರೆ ಗಾಜಿನ ಪುಡಿಯಲ್ಲಿ ಸಿಲಿಕಾನು, ಅಂಟು, ಲೋಹದ ಚೂರು ಉಳಿಯುತ್ತದೆ. ಜೊತೆಗೆ ಸೋಲಾರ್ ಗಾಜಿನಲ್ಲಿ ಪಾರದರ್ಶಕತೆಗಾಗಿ ಆಂಟಿಮನಿ ಬೆರೆಸಿರುವುದುಂಟು. ಕಿಟಕಿಯ ಗಾಜು ಮಾಡುವ ಕುಲುಮೆಯವರು ಅದನ್ನು ಒಲ್ಲೆ ಎನ್ನುತ್ತಾರೆ. ಹಾಗಾಗಿ ಗಾಜು ಮತ್ತೆ ಗಾಜಾಗುವ ಬದಲು ಗಾಜಿನ ಉಣ್ಣೆ, ನೊರೆಗಾಜು, ಕಾಂಕ್ರೀಟಿನ ಜಲ್ಲಿಯಾಗಿ ಕೆಳಗಿನ ದರ್ಜೆಗೆ ಇಳಿಯುತ್ತದೆ. ಬೆಳ್ಳಿ ಬೆರಕೆ ಪುಡಿಯಲ್ಲಿ ಚದುರಿಹೋಗುತ್ತದೆ. ಆ ಪುಡಿಯನ್ನು ಲೋಹ ಶುದ್ಧೀಕರಣದವರಿಗೆ ಮಾರುತ್ತಾರೋ, ಸುಮ್ಮನೆ ಹೂಳುತ್ತಾರೋ ಎಂಬುದೇ ಒಳ್ಳೆಯ ಘಟಕಕ್ಕೂ ಕೆಟ್ಟ ಘಟಕಕ್ಕೂ ಇರುವ ಅಂತರ.

ಬಿಸಿ ಅಲಗಿನ ವಿಧಾನ ನೋಡಲು ಚೆಂದ. ಇನ್ನೂರು ಮುನ್ನೂರು ಡಿಗ್ರಿಗೆ ಕಾಯಿಸಿದ ಉದ್ದನೆಯ ಅಲಗು ಗಾಜಿಗೂ ಸೆಲ್ಲಿಗೂ ನಡುವೆ ಜಾರುತ್ತ ಹೋಗಿ ಗಾಜನ್ನು ಇಡಿಯಾಗಿ ಬಿಡಿಸಿಕೊಡುತ್ತದೆ. ಗಾಜಿನ ಗುಣ ಉಳಿಯುತ್ತದೆ; ಸೆಲ್ಲು, ಬ್ಯಾಕ್‌ಶೀಟು ಒಂದೇ ಹಾಳೆಯಾಗಿ ಸಿಗುವುದರಿಂದ ಬೆಳ್ಳಿಯೂ ಒಂದು ಕಡೆ ಉಳಿದು ಮುಂದಿನ ಕೆಲಸ ಹಗುರಾಗುತ್ತದೆ. ಆದರೆ ಗಾಜು ಒಡೆದಿದ್ದರೆ, ಫ್ರೇಮ್ ಕೀಳುವಾಗ ಬಾಗಿದ್ದರೆ ಈ ಯಂತ್ರದಿಂದ ಹೆಚ್ಚು ಉಪಯೋಗವಿಲ್ಲ. ಎರಡೂ ಕಡೆ ಗಾಜಿರುವ ಪ್ಯಾನೆಲು ಎಲ್ಲ ಯಂತ್ರಗಳಿಗೂ ಒಗ್ಗುವುದಿಲ್ಲ, ಮೊದಲೇ ಕೇಳಿ.

ಶಾಖ ಮತ್ತು ರಸಾಯನದ ವಿಧಾನ ಅತ್ಯಂತ ಆಳಕ್ಕೆ ಇಳಿಯುತ್ತದೆ. 350 ಡಿಗ್ರಿಯ ಹೊತ್ತಿಗೆ ಇವಿಎಯಿಂದ ಅಸಿಟಿಕ್ ಆಮ್ಲ ಹೊರಬೀಳುತ್ತದೆ, 450–500ರ ಹೊತ್ತಿಗೆ ಅಂಟು ಪೂರ್ತಿ ಕಳಚುತ್ತದೆ. ಆಮೇಲೆ ಸೆಲ್ಲಿನ ಚೂರುಗಳಿಂದ ಕ್ಷಾರದಲ್ಲಿ ಅಲ್ಯೂಮಿನಿಯಂ, ನೈಟ್ರಿಕ್ ಆಮ್ಲದಲ್ಲಿ ಬೆಳ್ಳಿ ಕರಗಿಸಿ ತೆಗೆಯಬಹುದು. ಫ್ರಾನ್ಸಿನ ಲಾ ಮ್ಯೂರಿನಲ್ಲಿ ರೋಸಿ ಎಂಬ ಸಂಸ್ಥೆ ಶಾಖದಿಂದ ಬಿಡಿಸಿ ಬೆಳ್ಳಿ, ಸಿಲಿಕಾನ್, ತಾಮ್ರ ಪಡೆಯುವ ಘಟಕ ನಡೆಸುತ್ತಿದೆ. ವಾಪಸು ಬಂದ ಸಿಲಿಕಾನ್ ನೇರವಾಗಿ ಹೊಸ ಸೆಲ್ಲಿಗೆ ಸಾಕಾಗುವಷ್ಟು ಶುದ್ಧವಿರುವುದು ಅಪರೂಪ, ಹೆಚ್ಚಿನದು ಮಿಶ್ರಲೋಹದ ಕೆಲಸಕ್ಕೆ ಹೋಗುತ್ತದೆ. ಇಲ್ಲಿ ನೋಡಬೇಕಾದ ಅಪಾಯ ಬ್ಯಾಕ್‌ಶೀಟಿನದು. ಅನೇಕ ಬ್ಯಾಕ್‌ಶೀಟುಗಳ ಹೊರಪದರದಲ್ಲಿ ಫ್ಲೋರಿನ್ ಇರುವ ಪ್ಲಾಸ್ಟಿಕ್ ಇರುತ್ತದೆ. ಸುಟ್ಟರೆ ಹೈಡ್ರೋಜನ್ ಫ್ಲೋರೈಡ್ ಎಂಬ ಘೋರ ಅನಿಲ ಹುಟ್ಟುತ್ತದೆ. ಹೊಗೆ ತೊಳೆಯುವ ವ್ಯವಸ್ಥೆಯಿಲ್ಲದೆ, ಅಥವಾ ಮೊದಲೇ ಹಾಳೆ ಸುಲಿಯದೆ ಕುಲುಮೆಗೆ ಹಾಕುವ ಘಟಕಕ್ಕೆ ಎಷ್ಟೇ ಬೆಳ್ಳಿ ಬರಲಿ, ಪ್ಯಾನೆಲು ಕೊಡಬೇಡಿ.

ಹಾಗಾದರೆ ಆರಿಸುವುದು ಹೇಗೆ? ಗಾಜು ಒಡೆದ, ಬೆರಕೆ ಬ್ರ್ಯಾಂಡಿನ ಸಣ್ಣ ರಾಶಿಗೆ ಯಾಂತ್ರಿಕ ಘಟಕವೇ ಸರಿ, ಬೆರಕೆ ಪುಡಿ ಎಲ್ಲಿಗೆ ಹೋಗುತ್ತದೆ ಎಂದು ಲಿಖಿತವಾಗಿ ತಿಳಿಸಿದರೆ. ಒಂದೇ ಮಾದರಿಯ, ಗಾಜು ಗಟ್ಟಿಯಿರುವ ದೊಡ್ಡ ರಾಶಿಯಿದ್ದರೆ ಬಿಸಿ ಅಲಗು ಅಥವಾ ಶಾಖದ ಘಟಕದವರನ್ನು ಹುಡುಕುವುದು ಸಾರ್ಥಕ. ಒಂದು ಮೆಗಾವಾಟ್ ಎಂದರೆ 250 ವಾಟಿನ 4000 ಪ್ಯಾನೆಲು, 80 ಟನ್. ಅದರಲ್ಲಿ ಗಾಜೇ 60 ಟನ್. ಅಷ್ಟು ಗಾಜು ಜಲ್ಲಿಯಾಗುವುದಕ್ಕೂ ಗಾಜಾಗಿಯೇ ಉಳಿಯುವುದಕ್ಕೂ ಬಹಳ ವ್ಯತ್ಯಾಸವಿದೆ. ಘಟಕದವರು ಬಾಯಲ್ಲಿ ಹೇಳುವ ಶೇಕಡಾವಾರಿಗಿಂತ ಮೂರು ಪ್ರಶ್ನೆಗಳಿಗೆ ಕೊಡುವ ಉತ್ತರ ಮುಖ್ಯ: ಗಾಜನ್ನು ಕೊಳ್ಳುವವರು ಯಾರು, ಬೆಳ್ಳಿಯಿರುವ ಭಾಗವನ್ನು ಕೊಳ್ಳುವವರು ಯಾರು, ಪ್ಲಾಸ್ಟಿಕ್ ಎಲ್ಲಿಗೆ ಹೋಗುತ್ತದೆ. ಮೂರನೆಯದಕ್ಕೆ ತಡವರಿಸಿದರೆ ಜಾಗ್ರತೆ.

ತೆಳುಪದರದ ಪ್ಯಾನೆಲು: ಬೇರೆಯೇ ದಾರಿ

ಸೆಲ್ಲುಗಳ ಚೌಕವೇ ಕಾಣದೆ ಇಡೀ ಹಲಗೆ ಒಂದೇ ಸಮ ಕಪ್ಪಾಗಿದ್ದು, ಹಿಂದೆಯೂ ಗಾಜೇ ಇದ್ದರೆ ಅದು ತೆಳುಪದರದ್ದಿರಬಹುದು, ಅಂದರೆ ಸಿಲಿಕಾನ್ ಸೆಲ್ಲಿನ ಬದಲು ಗಾಜಿನ ಮೇಲೆ ವಿದ್ಯುತ್ ಹುಟ್ಟಿಸುವ ತೆಳ್ಳನೆಯ ಪದರ ಕೂರಿಸಿದ್ದು. ಲೇಬಲ್ ನೋಡಿ ಖಚಿತ ಮಾಡಿಕೊಳ್ಳಿ. ಅವುಗಳಲ್ಲಿ ಕ್ಯಾಡ್ಮಿಯಂ ಟೆಲ್ಲುರೈಡಿನ ಪದರವಿರುವವನ್ನು ಸಿಲಿಕಾನ್ ಪ್ಯಾನೆಲುಗಳ ರಾಶಿಗೆ ಬೆರೆಸಿದರೆ ಇಡೀ ರಾಶಿಯ ಗಾಜು ಕೆಡುತ್ತದೆ. ಇವುಗಳಿಗೆ ಗೊತ್ತಾದ ದಾರಿಯಿದೆ. ಈ ಬಗೆಯ ಪ್ಯಾನೆಲು ತಯಾರಿಸುವ ಫಸ್ಟ್ ಸೋಲಾರ್ 2005ರಿಂದಲೇ ತನ್ನವನ್ನು ಸಂಸ್ಕರಿಸುತ್ತ ಬಂದಿದೆ: ಸಣ್ಣ ಚೂರು ಮಾಡಿ, ಸಲ್ಫ್ಯೂರಿಕ್ ಆಮ್ಲ ಮತ್ತು ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಲೋಹದ ಪದರ ಕರಗಿಸಿ, ಗಾಜು ತೊಳೆದು, ಕ್ಯಾಡ್ಮಿಯಂ-ಟೆಲ್ಲುರಿಯಂ ಮತ್ತೆ ಗಟ್ಟಿಗಟ್ಟಿಸುತ್ತಾರೆ. ಆದ್ದರಿಂದ ಇವು ತಯಾರಕರ ಬಳಿಗೇ ವಾಪಸು ಹೋಗುವುದು ಎಲ್ಲಕ್ಕಿಂತ ಒಳ್ಳೆಯದು.

ಕಾಯ್ದಿಡುವುದು, ಹೂಳುವುದು, ಗುಜರಿಗೆ ಹಾಕುವುದು

ಹತ್ತಿರದಲ್ಲಿ ಒಳ್ಳೆಯ ಘಟಕವಿಲ್ಲದಿದ್ದರೆ ಕಾಯ್ದಿಡುವುದೂ ಗೌರವದ ಆಯ್ಕೆಯೇ. ಭಾರತದ 2022ರ ಇ-ತ್ಯಾಜ್ಯ ನಿಯಮಗಳೂ ತಯಾರಕರು ಪ್ಯಾನೆಲು ತ್ಯಾಜ್ಯವನ್ನು 2034–35ರವರೆಗೆ ಸಂಗ್ರಹಿಸಿಡುವ ಹಾದಿ ಹಿಡಿದಿವೆ. ಕಾಯ್ದಿಡುವುದೆಂದರೆ ಗೋಡೆಗೆ ಒರಗಿಸಿ ಮರೆಯುವುದಲ್ಲ. ಸೂರು ಬೇಕು, ನೆಲ ಗಟ್ಟಿ ಬೇಕು, ಒಡೆದವು ಬೇರೆ ಇರಬೇಕು; ಒಡೆದ ಜಾಗದಿಂದ ಮಳೆನೀರು ಒಳಗೆ ಹೋಗಿ ನಿಧಾನಕ್ಕೆ ಸೀಸ ಹೊತ್ತು ತರುತ್ತದೆ. ಇನ್ವರ್ಟರು, ಬ್ಯಾಟರಿಗಳನ್ನು ಇವುಗಳ ಜೊತೆ ಇಡಬೇಡಿ, ಅವುಗಳ ದಾರಿ ಬೇರೆ.

ಕಸದ ಗುಂಡಿಗೆ ಹೂಳುವುದು ಎಲ್ಲಿ ಕಾನೂನಿಗೆ ಒಪ್ಪಿಗೆಯೋ ಅಲ್ಲಿಯೂ ಕೊನೆಯ ಆಯ್ಕೆ. ಅಮೆರಿಕದ ಸೋರಿಕೆ ಪರೀಕ್ಷೆಯಲ್ಲಿ ಲೀಟರಿಗೆ 5 ಮಿಲಿಗ್ರಾಂ ಸೀಸ ಅಥವಾ 1 ಮಿಲಿಗ್ರಾಂ ಕ್ಯಾಡ್ಮಿಯಂ ಬಂದರೆ ಅಪಾಯಕಾರಿ ತ್ಯಾಜ್ಯ ಎನ್ನುತ್ತಾರೆ. ಒಂದೇ ನೋಟದ ಎರಡು ಮಾದರಿಗಳಲ್ಲಿ ಒಂದು ಪಾಸಾಗಿ ಇನ್ನೊಂದು ಫೇಲಾಗಬಹುದು, ಏಕೆಂದರೆ ಬೆಸುಗೆಯ ಪ್ರಮಾಣವೇ ಬೇರೆ ಬೇರೆ.

ಎಲ್ಲಕ್ಕಿಂತ ಕೆಟ್ಟದ್ದು ಹೇಗೆಂದರೆ ಹಾಗೆ ಗುಜರಿಗೆ ಹಾಕುವುದು. ಕೈಗೆ ಸಿಗುವ ದುಡ್ಡು ಫ್ರೇಮಿನ ಅಲ್ಯೂಮಿನಿಯಂ ಮತ್ತು ಕೇಬಲಿನ ತಾಮ್ರದ್ದು. ಅವೆರಡು ಕಿತ್ತ ಮೇಲೆ ಉಳಿದ 18 ಕೆ.ಜಿ. ಯಾರಿಗೂ ಬೇಡ, ಚರಂಡಿಯ ಪಕ್ಕ ಬೀಳುತ್ತದೆ, ಇಲ್ಲವೇ ತೆರೆದ ಬೆಂಕಿಗೆ ಹೋಗಿ ಅದರ ಹೊಗೆಯನ್ನು ಸುಡುವವರ ಮಕ್ಕಳು ಉಸಿರಾಡುತ್ತಾರೆ. ಇಷ್ಟು ವರ್ಷ ಹೊಗೆಯಿಲ್ಲದೆ ವಿದ್ಯುತ್ ಕೊಟ್ಟ ವಸ್ತುವಿಗೆ ಇಂಥ ಕೊನೆ ಬರಬಾರದು. ಅಂತರರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಸಂಸ್ಥೆ 2016ರಲ್ಲಿ ಮಾಡಿದ ಅಂದಾಜಿನ ಪ್ರಕಾರ 2050ರ ಹೊತ್ತಿಗೆ ಜಗತ್ತಿನಲ್ಲಿ 7.8 ಕೋಟಿ ಟನ್‌ವರೆಗೆ ಪ್ಯಾನೆಲು ತ್ಯಾಜ್ಯ ಸೇರಬಹುದು.

ಇಳಿಸುವ ದಿನ

ಬಿಸಿಲಿರುವಷ್ಟು ಹೊತ್ತು ಪ್ಯಾನೆಲು ಆರುವುದಿಲ್ಲ. ಐಸೊಲೇಟರ್ (ಪ್ಯಾನೆಲಿನ ಸಾಲನ್ನು ಇನ್ವರ್ಟರಿನಿಂದ ಬೇರ್ಪಡಿಸುವ ಸ್ವಿಚ್ಚು) ಆಫ್ ಮಾಡಿದರೂ 20 ಪ್ಯಾನೆಲುಗಳ ಸಾಲಿನಲ್ಲಿ 700 ವೋಲ್ಟ್ ಮೀರಿ ನಿಂತೇ ಇರುತ್ತದೆ. ಮೊದಲು ಇನ್ವರ್ಟರಿನ ಎಸಿ ಸ್ವಿಚ್ಚು, ಆಮೇಲೆ ಡಿಸಿ ಐಸೊಲೇಟರ್ ಆಫ್ ಮಾಡಿ, ಆಮೇಲೆ ಕ್ಲಾಂಪ್ ಮೀಟರಿನಲ್ಲಿ ಕರೆಂಟು ಸೊನ್ನೆ ಎಂದು ಕಣ್ಣಾರೆ ನೋಡಿ, ಅನಂತರವೇ ಕನೆಕ್ಟರ್ ಬಿಡಿಸಿ. ಕರೆಂಟು ಹರಿಯುವಾಗ ಎಂಸಿ4 ಕನೆಕ್ಟರ್ (ಪ್ಯಾನೆಲಿನ ತಂತಿಗಳನ್ನು ಜೋಡಿಸುವ ಕೊಂಡಿ) ಎಳೆದರೆ ಡಿಸಿ ಕಿಡಿ ನಿಲ್ಲದೆ ಉರಿಯುತ್ತದೆ. ಬಿಡಿಸಲು ಅದಕ್ಕೆಂದೇ ಬರುವ ಪ್ಲಾಸ್ಟಿಕ್ ಸ್ಪ್ಯಾನರು ಬಳಸಿ, ಕಟಿಂಗ್ ಪ್ಲೇಯರನ್ನು ಚಾವಣಿಗೆ ತರಲೇಬೇಡಿ. ಬಿಡಿಸಿದ ತುದಿಗಳಿಗೆ ಮುಚ್ಚಳ ಹಾಕಿ ತಂತಿಯನ್ನು ಸುತ್ತಿ ಫ್ರೇಮಿಗೆ ಕಟ್ಟಿ. ಗಾಜು ಒಡೆದದ್ದು ಒದ್ದೆಯಾಗಿದ್ದರೆ ಇನ್ಸುಲೇಟೆಡ್ ಕೈಗವಸಿಲ್ಲದೆ ಫ್ರೇಮನ್ನೂ ಮುಟ್ಟಬೇಡಿ.

ತುಕ್ಕು ಹಿಡಿದ ಬೋಲ್ಟಿಗೆ ಹಿಂದಿನ ದಿನವೇ ಎಣ್ಣೆ ಬಿಡಿ. ಗ್ರೈಂಡರಿನ ಕಿಡಿ ಗಾಜಿಗೆ ಸಿಡಿದರೆ ಸಣ್ಣ ಸಣ್ಣ ಗುಳಿ ಬೀಳುತ್ತದೆ, ಹದ ಮಾಡಿದ ಗಾಜು ಆಮೇಲೆ ಯಾವಾಗ ಬೇಕಾದರೂ ಪೂರ್ತಿ ಪುಡಿಯಾಗಬಹುದು. ನಡುವಿನ ಕ್ಲಾಂಪ್ ಒಂದು ಸಡಿಲಿಸಿದರೆ ಎರಡು ಪ್ಯಾನೆಲು ಸಡಿಲವಾಗುತ್ತವೆ ಎಂಬುದನ್ನು ಜೊತೆಗಿರುವವರಿಗೆ ಹೇಳಿಯೇ ಕೈ ಹಾಕಿ. ಒಂದೊಂದನ್ನೂ ಇಬ್ಬರು ಉದ್ದದ ಬದಿ ಹಿಡಿದು ಇಳಿಸಬೇಕು. ತಲೆಯ ಮೇಲೆ ಹೊತ್ತರೆ ನಡುವೆ ಬಾಗಿ ಸೆಲ್ಲುಗಳಲ್ಲಿ ಕಾಣದ ಬಿರುಕು ಬೀಳುತ್ತದೆ. ಗಾಳಿ ಜೋರಿದ್ದ ದಿನ ಕೆಲಸ ಬೇಡ, ಒಂದೂವರೆ ಚದರ ಮೀಟರಿನ ಹಲಗೆ ಹಾಯಿಯಂತೆ ಎಳೆಯುತ್ತದೆ.

ಕೆಳಗೆ ಪ್ಯಾಲೆಟ್ಟಿನ ಮೇಲೆ ಅಂಚಿನ ಮೇಲೆ ನಿಲ್ಲಿಸಿ, ನಡುವೆ ರಟ್ಟು, ನಾಲ್ಕು ಮೂಲೆಗೂ ಮೂಲೆಗಾಪು ಹಾಕಿ. ಪಟ್ಟಿ ಬಿಗಿಯುವುದು ಫ್ರೇಮಿನ ಮೇಲೆ, ಗಾಜಿನ ಮೇಲಲ್ಲ. ಮರುಬಳಕೆಯವು, ಗಟ್ಟಿ ಗಾಜಿನವು, ಒಡೆದವು, ತೆಳುಪದರದವು – ಒಂದೊಂದಕ್ಕೂ ಬೇರೆ ಪ್ಯಾಲೆಟ್ಟು. ಪ್ಲಾಸ್ಟಿಕ್ ಸುತ್ತುವ ಮೊದಲು ಪ್ರತಿಯೊಂದರ ಕ್ರಮಸಂಖ್ಯೆಯ ಫೋಟೋ ತೆಗೆದುಕೊಳ್ಳಿ. ಸುತ್ತಿದ ಮೇಲೆ ಲೇಬಲುಗಳೆಲ್ಲ ಒಳಮುಖವಾಗಿ ಅವಿತಿರುತ್ತವೆ, ಘಟಕದವರು ಕೊಡುವ ಸರ್ಟಿಫಿಕೇಟಿನಲ್ಲಿರುವ ಸಂಖ್ಯೆ ನಿಮ್ಮದೇ ಪ್ಯಾನೆಲಿನದ್ದೇ ಎಂದು ತಾಳೆ ನೋಡಲು ಆ ಫೋಟೋ ಮತ್ತು ಲಾರಿಯ ತೂಕದ ಚೀಟಿ ಬಿಟ್ಟರೆ ಬೇರೇನೂ ಇರುವುದಿಲ್ಲ.